ಆರ್ಲನ್ ಸ್ಕಾರುಪ್ ನೀತಿಪಾಠದಲ್ಲಿ ಮಲಗಿದ್ದು

ನೆಬ್ರಾಸ್ಕದ ಸ್ಟೆನ್‌ಬಿ ಊರಿಗೆ ಲೈಸೆನ್ಸು ಇರುವ ಅಕೌಂಟೆಂಟ್ ಒಬ್ಬನೇ, ಆರ್ಲನ್ ಸ್ಕಾರುಪ್. ಅವನ ಪ್ರಾಮಾಣಿಕತೆಯಿಂದ ಅವನಿಗೆ ಲಾಭವಾದದ್ದನ್ನು ಯಾರೂ ಕಂಡಿಲ್ಲ. ಉಳಿದವರಿಗೆ ತಲೆನೋವಾದದ್ದು ಮಾತ್ರ ಊರಿಗೇ ಗೊತ್ತು. ಚರ್ಚಿನ ಊಟದಲ್ಲಿ ಯಾರಾದರೂ ಮಾತಿಗೆ "ಸೂಪ್ ಹೇಗಿದೆ?" ಎಂದರೆ, ಪುಣ್ಯಾತ್ಮ ಇನ್ನೊಂದು ಚಮಚ ಕುಡಿದು, ಯೋಚಿಸಿ, ನಿಜ ಹೇಳಿಬಿಡುತ್ತಿದ್ದ.

ಲೈಸೆನ್ಸು ಉಳಿಯಬೇಕಾದರೆ ಅಕೌಂಟೆಂಟರು ಆಗಾಗ ಪಾಠ ಕೇಳಬೇಕು. ಅದರಲ್ಲೂ ನೀತಿಪಾಠ ಕಡ್ಡಾಯ. ಅದನ್ನು ಕೇಳಲು ಒಂದು ದಿನ ಆರ್ಲನ್ ಮನೆಯ ಕಂಪ್ಯೂಟರಿನ ಮುಂದೆ ಕೂತ. ಕೇಳುವವರು ನಡುವೆ ಎದ್ದುಹೋಗಬಾರದಲ್ಲ, ಅದಕ್ಕೆ ಪರದೆಯ ಮೇಲೆ ಆಗಾಗ "ಇದ್ದೀರಾ?" ಎಂದು ಮೂಡುತ್ತದೆ, ಗುಂಡಿ ಒತ್ತಿ "ಇದ್ದೇನೆ" ಎನ್ನಬೇಕು. ಮಧ್ಯಾಹ್ನದ ಊಟ ಭಾರವಾಗಿತ್ತು. ಸತ್ಯಸಂಧತೆಯ ಅಧ್ಯಾಯ ಶುರುವಾಗುತ್ತಲೇ ಅವನು ಗೊರಕೆ ಹೊಡೆಯತೊಡಗಿದ. ಪಕ್ಕದಲ್ಲಿ ಕಾಲುಚೀಲ ಹೆಣೆಯುತ್ತಿದ್ದ ಹೆಂಡತಿ ಲಾವೊನ್, ಪಾಪ ಮಲಗಲಿ ಎಂದು, ಪ್ರಶ್ನೆ ಬಂದಾಗಲೆಲ್ಲ ತಾನೇ ಗುಂಡಿ ಒತ್ತಿದಳು. ಎಚ್ಚರವಾದಾಗ ಪ್ರಮಾಣಪತ್ರ ಬಂದಿತ್ತು. ಒಂದು ಕ್ಷಣ ಕಣ್ಣು ಮುಚ್ಚಿದ್ದೆನೇನೋ ಎಂದುಕೊಂಡು ಅವನು ಅದನ್ನು ರಾಜ್ಯದ ಅಕೌಂಟೆನ್ಸಿ ಮಂಡಳಿಗೆ ಕಳಿಸಿದ.

ರಾತ್ರಿ ಊಟಕ್ಕೆ ಕೂತಾಗ ಲಾವೊನ್ ತನ್ನ ಉಪಕಾರ ಹೇಳಿಕೊಂಡಳು. ಆರ್ಲನ್ ಚಮಚ ಕೆಳಗಿಟ್ಟ.

"ಯಾರು ಕೇಳಕ್ಕೆ ಬರ್ತಾರೆ, ಸುಮ್ನಿರು" ಎಂದಳು.

"ಕೇಳಿದ್ರೆ ಹೇಳ್ಬೇಕಾಗತ್ತಲ್ಲ ಲಾವೊನ್."

ಕೇಳಿಯೇಬಿಟ್ಟರು. ಮಂಡಳಿಯ ಕಚೇರಿಯ ಹುಡುಗಿ ಮಾಮೂಲಿ ತಪಾಸಣೆಗೆಂದು ಫೋನು ಮಾಡಿದಳು.

"ನೀತಿಪಾಠ ಪೂರ್ತಿ ಕೇಳಿದೀರಿ ಅಲ್ವಾ ಸರ್? ಹೂಂ ಅಂದ್ರೆ ಸಾಕು."

"ಇಲ್ಲಮ್ಮ, ಅರ್ಧ ಪಾಠ ನಿದ್ದೆ ಮಾಡಿದೆ. ಗುಂಡಿ ನನ್ನ ಹೆಂಡ್ತಿ ಒತ್ತಿದ್ಲು."

ಹುಡುಗಿ ದನಿ ತಗ್ಗಿಸಿದಳು.

"ಸರ್, ನಂಗೆ ಸರಿಯಾಗಿ ಕೇಳಿಸ್ಲಿಲ್ಲ. ಇನ್ನೊಂದ್ಸಲ ಕೇಳ್ತೀನಿ. ದಯವಿಟ್ಟು ಯೋಚ್ನೆ ಮಾಡಿ ಹೇಳಿ."

ಆರ್ಲನ್ ಯೋಚನೆ ಮಾಡಿದ. ಆಮೇಲೆ ಇನ್ನಷ್ಟು ಗಟ್ಟಿಯಾಗಿ ಅದನ್ನೇ ಹೇಳಿದ. ಇಂಥವನನ್ನು ಕಾಪಾಡಲು ಯಾರಿಂದ ಸಾಧ್ಯ?

ಸುಳ್ಳು ಪ್ರಮಾಣಪತ್ರ ಕೊಟ್ಟ ಆರೋಪದ ಮೇಲೆ ವಿಚಾರಣೆಗೆ ಕರೆ ಬಂತು. ಲೈಸೆನ್ಸು ರದ್ದಾದರೂ ಆಗಬಹುದು. ತೆರಿಗೆ ಕಾಲ ತಲೆಯ ಮೇಲಿತ್ತು, ಊರಿನ ರೈತರೆಲ್ಲ ಅವನನ್ನೇ ನಂಬಿದ್ದರು, ಮತ್ತು ಲೆಕ್ಕ ಬಿಟ್ಟರೆ ಅವನಿಗೆ ಮೊಟ್ಟೆ ಬೇಯಿಸುವುದೂ ಬರುತ್ತಿರಲಿಲ್ಲ. ಅವನಿಗೆ ನಿಜವಾಗಿಯೂ ಹೆದರಿಕೆಯಾಗಿತ್ತು.

ಲಾವೊನ್ ಜೊತೆಗೆ ಹೊರಟಳು, ಬಾದಾಮಿ ತುಂಬಿದ, ಕ್ರಿಂಗಲ್ ಎಂಬ ದೊಡ್ಡ ಸಿಹಿ ಬ್ರೆಡ್ಡು ಬೇಯಿಸಿಕೊಂಡು. ಸ್ಟೆನ್‌ಬಿಯವರು ಸಾವಿನ ಮನೆಗೂ ಬರಿಗೈಲಿ ಹೋಗುವವರಲ್ಲ, ಶಿಸ್ತು ಕ್ರಮಕ್ಕೆ ಹೋಗುತ್ತಾರೆಯೇ? ವಿಚಾರಣೆಯ ಕೋಣೆಗೆ ಹೋದವಳೇ ಅದನ್ನು ಮಂಡಳಿಯ ಅಧ್ಯಕ್ಷ ಹ್ರೂಬಿಯ ಮುಂದಿಟ್ಟಳು. ಬೆಳಗಿನಿಂದ ಬರೀ ಕಾಫಿ ಕುಡಿದುಕೊಂಡಿದ್ದ ಅವನು ಒಂದು ತುಂಡು ಮುರಿಯಲು ಕೈಚಾಚಿದ.

"ಅಯ್ಯಯ್ಯೋ, ಮುಟ್ಬೇಡಿ!" ಲಾವೊನ್ ತಟ್ಟೆ ಎಳೆದುಕೊಂಡಳು. "ವಿಚಾರಣೆ ನಡೀವಾಗ ಉಡುಗೊರೆ ತಗೋಬಾರ್ದು. ನೀತಿಪಾಠದಲ್ಲೇ ಹೇಳಿದಾರಲ್ಲ!"

ಹ್ರೂಬಿಯ ಕಿವಿ ಕೆಂಪಾಯಿತು. "ಅಂದ್ರೆ, ಗುಂಡಿ ಒತ್ತಿದ್ದಷ್ಟೇ ಅಲ್ಲ, ಪಾಠನೂ ಕೇಳಿದ್ರಾ?"

"ಮತ್ತೆ? ನಾನು ಅಲ್ಲಿದ್ದೆ, ಇದ್ದೇನೆ ಅಂತ ಒತ್ತಿದೆ."

"ಇದ್ದೀರಾ ಅಂತ ಕೇಳಿದ್ದು ನಿಮ್ಮ ಯಜಮಾನರನ್ನ, ಮೇಡಂ."

"ಇರ್ಬಹುದು. ತೆರಿಗೆ ಕಾಲ ಬಂದ್ರೆ ಈ ಮನುಷ್ಯ ಊರಿನ ಲೆಕ್ಕದಲ್ಲಿ ಮುಳುಗಿ ಹೋಗ್ತಾನೆ. ನಾನು ಮನೇಲಿದೀನಾ, ಇಲ್ವಾ ಅಂತ ಒಬ್ಬರೂ ಕೇಳಲ್ಲ. ಆ ಮಿಷಿನ್ನಾದ್ರೂ ಕೇಳ್ತಲ್ಲ ಅಂತ ಖುಷಿಯಾಯ್ತು ನೋಡಿ. ಮುಗಿದಾಗ ಬೇಜಾರೇ ಆಯ್ತು."

ಮಂಡಳಿಯವರೆಲ್ಲ ನಕ್ಕರು. ಆರ್ಲನ್ ನಗಲಿಲ್ಲ. ಅವನು ಹೆಂಡತಿಯ ಕಡೆ ತಿರುಗಿ ನೋಡಿದ. ಅವಳು ತಟ್ಟೆಯ ಮೇಲಿನ ಬಟ್ಟೆ ಸರಿಪಡಿಸುತ್ತಿದ್ದಳು. ಅವನಿಗೆ ಲೈಸೆನ್ಸಿನ ಚಿಂತೆಗಿಂತ ಆ ಮಾತೇ ಹೆಚ್ಚು ಚುಚ್ಚಿತು.

ತೀರ್ಪು ಬೇಗ ಬಂತು. ಛೀಮಾರಿ, ಲೈಸೆನ್ಸು ಉಳಿಯುತ್ತದೆ, ಆದರೆ ನೀತಿಪಾಠವನ್ನು ರಾಜಧಾನಿಗೆ ಬಂದು, ಮೇಷ್ಟರ ಎದುರು ಕೂತು ಮತ್ತೆ ಕೇಳಬೇಕು. ಆರ್ಲನ್‌ಗೆ ಹೋದ ಜೀವ ಬಂತು.

"ನಿಮ್ಮ ಹೆಸರು ಬರ್ಕೊಳ್ಲಾ ಸರ್?" ಫೋನು ಮಾಡಿದ್ದ ಅದೇ ಹುಡುಗಿ ಬಾಗಿಲಲ್ಲಿ ಕೇಳಿದಳು.

"ಎರಡು ಕುರ್ಚಿ ಬರ್ಕೋಮ್ಮ."

"ಮೇಡಂಗೆ ಯಾಕೆ ಸರ್? ಅವರಿಗೆ ಯಾವ ಪ್ರಮಾಣಪತ್ರನೂ ಸಿಗಲ್ಲ."

"ಯಾಕೆ ಅಂದ್ರೆ?" ಲಾವೊನ್ ಬಾಯಿ ಹಾಕಿದಳು. "ಇವನು ಮತ್ತೆ ಗೊರಕೆ ಹೊಡೆದ್ರೆ ತಿವಿಯೋರು ಬೇಡ್ವಾ?"

"ಅದಕ್ಕಲ್ಲ" ಎಂದ ಆರ್ಲನ್. ಯೋಚಿಸಿ, ಅವಳಿಗೆ ನಿಜವನ್ನೇ ಹೇಳಿದ. "ಈ ಸಲ ನಾನು ಎದ್ದಿರ್ತೀನಿ. ನಿಂಗೆ ನಿದ್ದೆ ಬಂದ್ರೆ ನನ್ನ ಭುಜಕ್ಕೆ ಒರಗ್ಕೊ."