ತವರಿಲ್ಲದ ಡ್ರಮ್ಮು

ಬೆಳಿಗ್ಗೆ ಆರೂ ಇಪ್ಪತ್ತಕ್ಕೆ ಅರಿಶಿನ ಕೆಂಪಾಯಿತು.

ಇದನ್ನೋದಿ ನೀವು ನಕ್ಕರೆ ತಪ್ಪೇನಿಲ್ಲ. ಅರಿಶಿನ ಕೆಂಪಾಗುವುದು ನಮ್ಮ ಮನೆಗಳಲ್ಲಿ ಸೋಜಿಗದ ಸಂಗತಿಯಲ್ಲ. ಮದುಮಗಳು ಹೊಸಿಲು ದಾಟುವ ಮುನ್ನ, ಬಾಣಂತಿ ಕೂಸನ್ನೆತ್ತಿಕೊಂಡು ಗಂಡನ ಮನೆಗೆ ಮರಳುವಾಗ, ತಟ್ಟೆಯ ಅರಿಶಿನ ನೀರಿಗೆ ಚಿಟಿಕೆ ಸುಣ್ಣ ಬೆರೆಸಿದರೆ ಆರತಿಯ ಓಕುಳಿ ಸಿದ್ಧ. ಆದರೆ ಸುಣ್ಣದ ಡಬ್ಬಿ ಗೂಡಿನಲ್ಲಿ ಮುಚ್ಚಿದಂತೆಯೇ ಇರುವಾಗ, ಯಾರೂ ಏನನ್ನೂ ಬೆರೆಸದೆ, ಹಚ್ಚಿದ ಅರಿಶಿನ ಕಣ್ಣೆದುರಿಗೇ ತಾನಾಗಿ ಬಣ್ಣ ಬದಲಿಸುವುದನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಅಂಚಿನಿಂದ ಹೊರಟ ಕೆಂಪು ಮೆಲ್ಲಗೆ ಒಳಕ್ಕೆ ಹರಿಯಿತು, ಕಟ್ಟಿದ ಬಟ್ಟೆಯೊಳಗಿನ ಗಾಯ ಒಸರಿದ ಹಾಗೆ. ಇಂದಿಗೂ ಸಾರಿಗೆ ಅರಿಶಿನ ಹಾಕುವಾಗ ನನ್ನ ಕೈ ಒಂದು ಗಳಿಗೆ ಪಾತ್ರೆಯ ಮೇಲೆಯೇ ನಿಂತುಬಿಡುತ್ತದೆ. ಈ ನಿಲುಗಡೆಯಿಂದಾಗಿ ನಮ್ಮ ಮನೆಯ ಸಾರು ಎಷ್ಟೋ ಸಲ ಬಿಳಿಚಿಕೊಂಡೇ ಊಟಕ್ಕೆ ಬಂದಿದೆ.

ದಾವಣಗೆರೆ ಆಗಷ್ಟೇ ಜಿಲ್ಲೆಯಾಗಿತ್ತು; ಆ ಸುದ್ದಿ ವಿನೋಬನಗರದ ನಲ್ಲಿಗಳಿಗೆ ಇನ್ನೂ ಮುಟ್ಟಿರಲಿಲ್ಲ. ನೀರು ಬರುವ ದಿನ ಗೊತ್ತಿಲ್ಲ, ಹೊತ್ತು ಗೊತ್ತಿಲ್ಲ. ನಲ್ಲಿ ಮೊದಲು ಕೆಮ್ಮುತ್ತಿತ್ತು, ಆಮೇಲೆ ಗೊರಕೆ ಹೊಡೆಯುತ್ತಿತ್ತು, ಮನಸ್ಸಾದರೆ ಹರಿಯುತ್ತಿತ್ತು. ಆ ಮೊದಲ ಕೆಮ್ಮನ್ನು ಇಡೀ ಬೀದಿಯಲ್ಲಿ ನಿದ್ದೆಗಣ್ಣಲ್ಲೂ ಕೇಳಿಸಿಕೊಳ್ಳಬಲ್ಲವರು ನಮ್ಮ ಅತ್ತೆ ಗೌರಮ್ಮನವರೊಬ್ಬರೇ. ಅವರು ಅಂಗಳಕ್ಕೆ ಬಂದು, ಸೊಂಟಕ್ಕೆ ಸೆರಗು ಸಿಕ್ಕಿಸಿ, "ನೀರು ಬಂತ್ರೇ, ಏಳ್ರೇ!" ಎಂದು ಒಂದು ಕೂಗು ಹಾಕಿದರೆ ನಾಲ್ಕು ಓಣಿಗಳಲ್ಲಿ ಕೊಡಗಳು ಸದ್ದು ಮಾಡುತ್ತಿದ್ದವು. ಮದುವೆಯಾಗಿ ಬಂದ ಹೊಸದರಲ್ಲಿ ಆ ದನಿಗೆ ಹೆದರಿ ಹಾಸಿಗೆಯಿಂದ ಉರುಳಿದವಳು ನಾನು. ಆ ದನಿ ಒಂದು ದಿನ ಇಲ್ಲವಾದೀತೆಂದು ಯಾರಾದರೂ ಹೇಳಿದ್ದರೆ ಸಂತೋಷದಿಂದ ತೆಂಗಿನಕಾಯಿ ಒಡೆಯುತ್ತಿದ್ದೆನೇನೋ.

ಹೀಗೆ ಬಂದ ನೀರನ್ನು ಹಿಡಿದಿಡಲು ಮನೆಮನೆಗೂ ಡ್ರಮ್ಮು ಬೇಕಿತ್ತು. ಮಂಡಿಪೇಟೆಯ ಹಿಂದಿನ ಗಲ್ಲಿಯಲ್ಲಿ ನೀಲಿ ಪ್ಲಾಸ್ಟಿಕ್ಕಿನ ಹಳೆಯ ಡ್ರಮ್ಮುಗಳು ಸಾಲಾಗಿ ನಿಂತಿರುತ್ತಿದ್ದವು. ಸೊಂಟದೆತ್ತರ, ಅಗಲ ಬಾಯಿ, ಮುಚ್ಚಳವನ್ನು ಬಿಗಿಯಲು ಒಂದು ಕಬ್ಬಿಣದ ಬಳೆ. ಅಂಗಡಿಯವನು ಒಂದರ ಬೆನ್ನಿಗೆ ಅಂಗೈಯಿಂದ ಬಡಿದು ಅತ್ತೆಗೆ ಹೇಳಿದ್ದು ನನಗೆ ನೆನಪಿದೆ.

"ಹರಿಹರದ ಫ್ಯಾಕ್ಟ್ರಿ ಮಾಲು ಅಮ್ಮಾರೆ. ನಿಮ್ಮ ಮೊಮ್ಮಕ್ಳ ಕಾಲಕ್ಕೂ ಏನೂ ಆಗಲ್ಲ ಇದಕ್ಕೆ."

"ಇದ್ರಾಗೆ ಏನಿತ್ತಪಾ ಮದ್ಲು?"

"ಏನೋ ಪೌಡ್ರು ರೀ. ತೊಳ್ದಿಟ್ಟೀವಿ. ಮೂಸಿ ನೋಡ್ರಿ ಬೇಕಾದ್ರೆ, ವಾಸ್ನೆ ಐತಾ?"

ವಾಸನೆ ಇರಲಿಲ್ಲ. ನಮ್ಮವರು ಮಂಡಿಪೇಟೆಯ ದಲಾಲಿ ಅಂಗಡಿಯೊಂದರಲ್ಲಿ ಕೂತು ಮೆಣಸಿನಕಾಯಿಯ ಘಾಟಿನಲ್ಲೇ ದಿನ ಕಳೆಯುವವರು. ಮೂಗಿನ ಸಾಕ್ಷ್ಯವನ್ನು ಪೂರ್ತಿ ನಂಬಿ ಅವರು ಡ್ರಮ್ಮನ್ನು ಲಗೇಜ್ ಆಟೋಕ್ಕೆ ಹೇರಿಸಿದರು. ಅದರ ಹೊಟ್ಟೆಯ ಮೇಲೆ ಬಣ್ಣದಲ್ಲಿ ಅಚ್ಚೊತ್ತಿದ ಹೆಸರನ್ನು ಯಾರೋ ಅರ್ಧಕ್ಕೆ ಕೆರೆದಿದ್ದರು. ಕೆಳಗೆ ಬೆರಳಗಲದ ಒಂದು ಮಾಸಿದ ಚಿತ್ರ. ಅದೇನೆಂದು ನಾವಾರೂ ಬಗ್ಗಿ ನೋಡಲಿಲ್ಲ.

ಇಲ್ಲಿ ನಮ್ಮ ಮನೆಯ ಒಂದು ಪದ್ಧತಿಯನ್ನು ಹೇಳಬೇಕು. ನೀರಿನ ಪಾತ್ರೆ ಹೊಸದಾಗಿ ಮನೆಗೆ ಬಂದರೆ ಅದರ ಮೈಗೆ ಮೂರು ಬೆರಳಿನ ವಿಭೂತಿ, ಬಾಯಿಯ ಸುತ್ತ ಅರಿಶಿನ. ನಲ್ಲಿಯ ಮೊದಲ ಕೊಡವನ್ನು ಅದಕ್ಕೆ ಸುರಿದು, ಗಂಗವ್ವನಿಗೆ ಕೈಮುಗಿದು, ಅದರಿಂದಲೇ ಮನೆಮಂದಿಯೆಲ್ಲ ಒಂದೊಂದು ಬೊಗಸೆ ತೀರ್ಥ ಕುಡಿಯಬೇಕು. ಕುಡಿದ ಮೇಲೆ ಪಾತ್ರೆ ಮನೆಯದಾಗುತ್ತದೆ. ತಾಮ್ರದ ಹಂಡೆಯ ಕಾಲದ ಪದ್ಧತಿಯದು. ಹಂಡೆ ಕಂಚುಗಾರರ ಕೈಯಿಂದ ನೇರ ನಮ್ಮಲ್ಲಿಗೆ ಬರುತ್ತಿತ್ತು, ಅದಕ್ಕೆ ಪೂರ್ವಜನ್ಮವಿರಲಿಲ್ಲ. ಡ್ರಮ್ಮಿಗೆ ಇತ್ತು. ಅದರ ತಳದಲ್ಲಿ ಬೆಳ್ಳಗಿನ ಹಕ್ಕಳೆ ಕಟ್ಟಿತ್ತು. ಬೋರಿನ ನೀರಿನ ಉಪ್ಪು ಅಂದರು ಅತ್ತೆ. ಚೆನ್ನಾಗಿ ಉಜ್ಜಿ ತೊಳೆಯೋಣವೆಂದರೆ ನೀರೆಲ್ಲಿದೆ? ನೀರಿಲ್ಲವೆಂದೇ ತಾನೆ ಡ್ರಮ್ಮು ತಂದದ್ದು! ಮೈಯನ್ನು ಹುಣಸೆಹಣ್ಣಿನಿಂದ ಉಜ್ಜಿ, ಒಳಗೆ ಒಂದು ಚೊಂಬು ನೀರು ಕುಲುಕಿ ಚೆಲ್ಲಿದ್ದಾಯಿತು. ಚೆಲ್ಲಿದ್ದು ಕಣಗಿಲೆ ಗಿಡದ ಬುಡಕ್ಕೆ.

ಆ ಬೆಳಿಗ್ಗೆ ನಲ್ಲಿ ಕೆಮ್ಮಿತು, ಅತ್ತೆ ಕೂಗಿದರು, ಓಣಿ ಎದ್ದಿತು. ಅವರು ಡ್ರಮ್ಮಿಗೆ ವಿಭೂತಿ ಎಳೆದು, ಬಾಯಿಗೆ ಅರಿಶಿನ ಹಚ್ಚಿ, ಒಂದು ಕೊಡ ನೀರು ಸುರಿದು, ಮಂತ್ರ ಮುಗಿಯುವಷ್ಟು ಹೊತ್ತು ಕೈಯಾಡಿಸಿದರು. "ಬೆಚ್ಚಗೈತಲ್ಲೇ ನೀರು," ಎಂದು ಅಚ್ಚರಿಪಟ್ಟರು. ನಲ್ಲಿಯ ತಣ್ಣೀರು ಡ್ರಮ್ಮಿನೊಳಗೆ ಹೇಗೆ ಬೆಚ್ಚಗಾದೀತು? ಯಾವುದೋ ಜೀವ ಒಳಗೆ ಕೂತು ಉಸಿರು ಬಿಟ್ಟಂತಿತ್ತು. ನಾನು ಬಗ್ಗಿದೆ. ನೀರು ಸಿಡಿದಲ್ಲೆಲ್ಲ ಅರಿಶಿನ ಕೆಂಪಾಗುತ್ತಿತ್ತು. ಗೋಡೆಯ ಗಡಿಯಾರ ಅದರ ಹಿಂದೆಯೇ ಇತ್ತು. ಆದ್ದರಿಂದ ಆ ಹೊತ್ತು ನನ್ನೊಳಗೆ ಹಾಗೇ ಅಂಟಿಕೊಂಡಿದೆ.

"ಅತ್ತೇ, ಬ್ಯಾಡ್ರಿ!" ಎಂದೆ. ಆ ಎರಡು ಪದ ಬಾಯಿಂದ ಹೊರಬೀಳುವಷ್ಟರಲ್ಲಿ ಅವರ ಬೊಗಸೆ ತುಟಿ ಮುಟ್ಟಿ ಆಗಿತ್ತು.

ಅವರ ಪಕ್ಕದಲ್ಲಿ ನನ್ನ ಐದು ವರ್ಷದ ಮಗಳು ಪುಟ್ಟ ಅಂಗೈಯನ್ನು ಬಟ್ಟಲು ಮಾಡಿ ತನ್ನ ಸರದಿಗೆ ಕಾಯುತ್ತಿದ್ದಳು. ಆ ಅಂಗೈಗೆ ಅತ್ತೆ ತಾವು ಕುಡಿಯುವ ಮುನ್ನವೇ ನೀರು ಹಾಕಿದ್ದರು. ಮೊಮ್ಮಗಳ ಮೇಲೆ ಒಂದು ದಿನವೂ ಕೈ ಎತ್ತದ ಅತ್ತೆ, ಕಣ್ಣು ಹೊರಬರುವಂತೆ ನೋಡುತ್ತ, ಮಾತೇ ಹೊರಡದೆ, ಫಟೀರೆಂದು ಆ ಕೈಗೆ ಹೊಡೆದರು. ನೀರು ನೆಲಕ್ಕೆ ಬಿತ್ತು. ಮಗು ಅತ್ತಿತು. ಅತ್ತೆಯ ಬಾಯಿಂದ ಬಂದದ್ದು ಒಂದು ಸುಯ್ಯೆನ್ನುವ ಸದ್ದು ಮಾತ್ರ.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ: "ಡ್ರಮ್ಮಲ್ಲಿ ಏನಿತ್ತು?" ಏನೋ ಪೌಡರು. ಪ್ರಪಂಚದಲ್ಲಿ ಎಷ್ಟು ಬಗೆಯ ಪೌಡರುಗಳಿವೆ! ಅರಿಶಿನ ಕೆಂಪಾಯಿತೆಂದು ನಾನು ಹೇಳಿದ ಮೇಲೆ ಅವರು ತಲೆಯಾಡಿಸಿ, ಹಾಗಾದರೆ ಕ್ಷಾರ, ಎಂದು ಕೆಲಸಕ್ಕೆ ತೊಡಗಿದರು. ನಮ್ಮೂರ ಕಾಲೇಜಿನಲ್ಲಿ ನಾನು ಸಂಪಾದಿಸಿದ ಬಿ.ಎಸ್ಸಿ. ಅದುವರೆಗೆ ಮಾಡಿದ್ದ ಏಕೈಕ ಉಪಕಾರವೆಂದರೆ ಲಗ್ನಪತ್ರಿಕೆಯಲ್ಲಿ ಹೆಸರಿನ ಮುಂದೆ ನಿಂತದ್ದು. ಆ ದಿನ ಅದೂ ಒಂದು ಕೆಲಸ ಮಾಡಿತೆನ್ನಿ. ಗಂಟಲು ಮುಚ್ಚಲಿಲ್ಲ, ಜೀವಕ್ಕೆ ಅಪಾಯವಿಲ್ಲ ಎಂದರು ಡಾಕ್ಟರು. ಆದರೆ ದನಿ? ಬಂದರೂ ಬರಬಹುದು, ಬರದೆಯೂ ಇರಬಹುದು.

ಅತ್ತೆ ಮನೆಗೆ ಮರಳಿದರು. ಮನೆ ಮಾತ್ರ ಮೊದಲಿನಂತಾಗಲಿಲ್ಲ. ಕಣಗಿಲೆ ಬುಡದಿಂದ ಮೇಲಕ್ಕೆ ಕರಕಲಾಗುತ್ತ ಬಂತು. ನೀರು ಚೆಲ್ಲಿದ ನೆಲಕ್ಕೆ ಇರುವೆ ಕೂಡ ಕಾಲಿಡಲಿಲ್ಲ. ಸಾಲಾಗಿ ಬಂದು, ಕಾಣದ ಗೆರೆಯೊಂದರ ಬಳಿ ತಿರುಗಿ ಹೋಗುತ್ತಿದ್ದವು. ನಮ್ಮವರು ಡ್ರಮ್ಮನ್ನು ಬರಿದು ಮಾಡಿ, ಮುಚ್ಚಳವನ್ನು ಬಿಗಿದು ಅದನ್ನು ಹಿತ್ತಲ ಗೋಡೆಗೆ ಒರಗಿಸಿದ್ದರು. ಆಗ ಅದು ಸದ್ದು ಮಾಡಲು ಶುರುಮಾಡಿತು. ಬಿಸಿಲೇರಿದಾಗ ಒಂದು ಸಲ, ಸಂಜೆ ತಂಪಾದಾಗ ಒಂದು ಸಲ: ಢಬ್. ಒಳಗಿನಿಂದ ಯಾರೋ ಮೊಣಕೈಯಲ್ಲಿ ಗುದ್ದಿದ ಹಾಗೆ. ಬಿಸಿಗೆ ಗಾಳಿ ಹಿಗ್ಗುತ್ತದೆ, ತಂಪಿಗೆ ಕುಗ್ಗುತ್ತದೆ ಎಂದು ಮಗಳಿಗೆ ವಿವರಿಸಿದೆ. ವಿಜ್ಞಾನವನ್ನು ನಂಬುವುದಕ್ಕೂ ಸಂಜೆ ಹಿತ್ತಲಿಗೆ ಒಬ್ಬಳೇ ಹೋಗುವುದಕ್ಕೂ ಏನೇನೂ ಸಂಬಂಧವಿಲ್ಲವೆಂದು ಆಗ ತಿಳಿಯಿತು. ಒಂದು ಸಂಜೆ ನೋಡಿದರೆ ಒಣಗಿದ ವಿಭೂತಿ ಅಲ್ಲಲ್ಲಿ ಉದುರಿತ್ತು. ಎರಡು ಗೆರೆಗಳ ನಡುವಿನಿಂದ, ನಾವು ಬಗ್ಗಿ ನೋಡದೆ ಬಿಟ್ಟ ಆ ಮಾಸಿದ ಚಿತ್ರ ಹೊರಗಿಣುಕಿತ್ತು: ಒಂದು ತಲೆಬುರುಡೆ. ಪೂಜೆಯ ದಿನ ಅತ್ತೆ ತಿಳಿಯದೆ ಅದರ ಹಣೆಗೇ ವಿಭೂತಿ ಹಚ್ಚಿದ್ದರು.

ಮನೆಯಲ್ಲಿ ಯಾರಿಗೂ ಸರಿಯಾಗಿ ನಿದ್ದೆ ಬರುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ನನಗೆ ಆ ಪುಟ್ಟ ಅಂಗೈ ಕಾಣುತ್ತಿತ್ತು. ಪ್ರತಿ ಸಲವೂ ಅತ್ತೆಯ ಏಟು ಕೊಂಚ ತಡವಾಗಿ ಬೀಳುತ್ತಿತ್ತು.

ಡ್ರಮ್ಮನ್ನು ಬಿಸಾಡಬಹುದಿತ್ತಲ್ಲ ಎನ್ನುತ್ತೀರಿ. ಎಲ್ಲಿಗೆ? ತಿಪ್ಪೆಗೆ ಎಸೆದರೆ ಸಂಜೆಯೊಳಗೆ ಯಾರಾದರೂ ಎತ್ತಿಕೊಂಡು ಹೋಗಿ ನೀರು ತುಂಬುತ್ತಾರೆ. ಗುಜರಿಗೆ ಕೊಟ್ಟರೆ ಮತ್ತೆ ಮಂಡಿಪೇಟೆಯ ಸಾಲಿನಲ್ಲಿ ನಿಲ್ಲುತ್ತದೆ. ಸುಟ್ಟರೆ ಹೊಗೆ ನಮ್ಮದೇ ಮೂಗಿಗೆ. ನಮ್ಮವರು ಮಾರಿದವನ ಹತ್ತಿರ ಹೋದರು. "ನಾನು ಮಾರಿದ್ದು ಖಾಲಿ ಡ್ರಮ್ಮು ರೀ, ಒಳಗಿಂದು ನಂದಲ್ಲ," ಎಂದನವನು. ಅರ್ಧ ಹೆಸರಿನ ಜಾಡು ಹಿಡಿದು ಹರಿಹರದ ಆ ಕಾರಖಾನೆಗೆ ಹೋದರು. "ನಾವು ತರ್ಸಿದ್ದು ಒಳಗಿನ ಮಾಲು, ಡ್ರಮ್ಮು ನಮ್ದಲ್ಲ," ಎಂದು ಗೇಟಿನಲ್ಲೇ ಉತ್ತರ ಬಂತು. ಪೌಡರು ಮಾಡಿದವರು ಮುಂಬಯಿಯ ಆಚೆ ಎಲ್ಲೋ ಇದ್ದಾರಂತೆ. ಅವರಿಗೆ ದಾವಣಗೆರೆಯೆಂಬ ಊರು ಇರುವುದೂ ತಿಳಿದಿರಲಾರದು.

ನಾನು ಚಿಕ್ಕವಳಿದ್ದಾಗ ಕೆ.ಬಿ. ಬಡಾವಣೆಯ ಮೂಲೆಯಲ್ಲಿ ಗೋಲಿ ಸೋಡಾ ಮಾರುವವನೊಬ್ಬನಿದ್ದ. ಸೋಡಾ ಕುಡಿದು ಮೈಮರೆತು ಬಾಟಲಿ ಹಿಡಿದುಕೊಂಡೇ ನಾಲ್ಕು ಹೆಜ್ಜೆ ನಡೆದರೆ ಸಾಕು, "ಏಯ್ ತಂಗೀ, ಬಾಟ್ಲಿ ಕೊಟ್ಟು ಹೋಗವ್ವಾ! ನಿಮ್ಮಪ್ಪ ಮಾಡಿಸಿಟ್ಟಾನಾ ಅದನ್ನ?" ಎಂದು ಬೀದಿಗೆ ಕೇಳುವಂತೆ ಕೂಗುತ್ತಿದ್ದ. ಆಗ ಅವಮಾನವೆನಿಸುತ್ತಿತ್ತು. ಈಗ ಆ ಕೂಗಿನಲ್ಲಿ ಮಹಾ ಮಮತೆ ಕೇಳಿಸುತ್ತದೆ. ಊರಿನ ತುಂಬ ಅಲೆದು ಬಂದ ಬಾಟಲಿಗೆ ಸಂಜೆ ಮರಳಲು ಒಂದು ತವರುಮನೆಯಿತ್ತು. ಒಳಗಿನ ಸೋಡಾ ನನ್ನದು, ಬಾಟಲಿ ನಿನ್ನದು ಎಂದು ಅವನು ಕೈತೊಳೆದುಕೊಳ್ಳಲಿಲ್ಲ. ಹುಟ್ಟಿಸಿದವರಿಗೆ ಬೇಡ, ಬಳಸಿದವರಿಗೆ ಬೇಡ, ಮಾರಿದವರಿಗೂ ಬೇಡವೆಂದರೆ ವಸ್ತುವೊಂದು ಎಲ್ಲಿಗೆ ಹೋದೀತು? ಸತ್ತ ಮನುಷ್ಯನನ್ನು ಮಣ್ಣಿಗೆ ಸೇರಿಸಲು ನಮಗೆ ಎಷ್ಟೊಂದು ಶಾಸ್ತ್ರಗಳಿವೆ. ವಾರಸುದಾರರಿಲ್ಲದ ಈ ನೀಲಿ ಹೆಣ ಮಾತ್ರ ನಮ್ಮ ಹಿತ್ತಲಲ್ಲಿ ಕೂತು, ಹೊತ್ತು ಹೊತ್ತಿಗೆ ಬಾಗಿಲು ಬಡಿಯುತ್ತಿತ್ತು.

ಒಂದು ದಿನ ಅತ್ತೆ ಊಟ ಮುಗಿಸಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಡ್ರಮ್ಮಿನತ್ತ ಬೆರಳು ತೋರಿಸಿ, ಆಮೇಲೆ ಬೀದಿಯತ್ತ ತೋರಿಸಿದರು. ಚೀಲದಲ್ಲಿ ಅರಿಶಿನದ ಬಟ್ಟಲು, ಒಂದು ಚೊಂಬು ನೀರು. ಲಗೇಜ್ ಆಟೋದಲ್ಲಿ ನಾವಿಬ್ಬರೂ ಅದರ ಆಚೀಚೆ ಕೂತು ಹರಿಹರಕ್ಕೆ ಹೊರಟೆವು. ಬಿಸಿಲಿಗೆ ಅದು ದಾರಿಯಲ್ಲೊಮ್ಮೆ ಢಬ್ಬೆಂದಾಗ ಡ್ರೈವರು ಗಾಡಿ ನಿಲ್ಲಿಸಿ, "ಒಳಗೆ ಏನೈತ್ರಿ ಅಕ್ಕಾರೆ?" ಎಂದು ಕೇಳಿದ. ಏನೂ ಇಲ್ಲ ಎಂದೆ. ಅವನು ನಂಬಲಿಲ್ಲ, ನಿಜ ಹೇಳಬೇಕೆಂದರೆ ನಾನೂ ನಂಬಿರಲಿಲ್ಲ.

ಕಾರಖಾನೆಯ ಗೇಟಿನೆದುರು ಡ್ರಮ್ಮನ್ನಿಳಿಸಿ ಅತ್ತೆ ಅದರ ಪಕ್ಕ ನೆಲದ ಮೇಲೆ ಕೂತರು. ಆಗ ಪಾಳಿ ಬದಲಾಗುವ ಹೊತ್ತು. ವಾಚ್‌ಮನ್ ಓಡಿಬಂದ.

"ಏಳಮ್ಮಾ, ಇದು ಗುಡಿ ಅಲ್ಲ, ಫ್ಯಾಕ್ಟ್ರಿ."

ಅತ್ತೆ ಮುಚ್ಚಳ ಬಿಚ್ಚಿ ಚೊಂಬಿನ ನೀರನ್ನು ಒಳಗೆ ಸುರಿದು, ಕಡ್ಡಿಯಿಂದ ಕಲಕಿ, ಅದೇ ಕಡ್ಡಿಯಿಂದ ಅಂಚನ್ನು ಒದ್ದೆ ಮಾಡಿದರು. ಸೈಕಲ್ಲು ತಳ್ಳಿಕೊಂಡು ಬರುತ್ತಿದ್ದ ಕೆಲಸಗಾರರು ಒಬ್ಬೊಬ್ಬರಾಗಿ ನಿಂತರು.

"ಯಾರಿಗೆ ಮಾಟ ಮಾಡಾಕೆ ಬಂದಾಳಲೇ ಮುದುಕಿ?" ಎಂದನೊಬ್ಬ.

"ನಿಮ್ಮ ಸಾಹೇಬ್ರಿಗೇ ಇರ್ಬೇಕು, ಸುಮ್ನೆ ನೋಡು," ಎಂದ ಇನ್ನೊಬ್ಬ. ನಗೆಯೆದ್ದಿತು.

ಅತ್ತೆ ಅರಿಶಿನವನ್ನು ಅಂಚಿನ ಸುತ್ತ ಉದುರಿಸಿದರು. ಹಳದಿ ನೋಡನೋಡುತ್ತ ಕೆಂಪಾಗಿ ಇಳಿಯಿತು. ನಗೆ ಅಲ್ಲಲ್ಲೇ ನಿಂತಿತು. ಆಮೇಲೆ ಅವರು ಬಾಯಿಯ ಮೇಲಿನ ಸೆರಗನ್ನು ಸರಿಸಿ, ಸುಟ್ಟು ಬೆಳ್ಳಗಾದ ತುಟಿಗಳನ್ನು ತೋರಿಸಿದರು. ಮಾತಾಡಲು ಪ್ರಯತ್ನಿಸಿದರು. ಬಂದದ್ದು ಅದೇ ಸುಯ್ಯೆನ್ನುವ ಸದ್ದು. ಅಷ್ಟು ಮಂದಿ ನಿಂತಿದ್ದರೂ ಆ ಸದ್ದು ಎಲ್ಲರಿಗೂ ಕೇಳಿಸಿತು.

"ನಮ್ಮನೇಲೂ ಎರಡು ಅದಾವೆ ಕಣಲೇ," ಎಂದ, ಮಾಟದ ಮಾತಾಡಿದ್ದವನೇ. ಅವನ ಮುಖ ಬಿಳಿಚಿತ್ತು. "ಇಲ್ಲಿಂದ್ಲೇ ಒಯ್ದಿದ್ದು. ಹುಡುಗ್ರು ಕುಡೀತಾವೆ."

ಬಿಳಿ ಅಂಗಿಯ ಅಧಿಕಾರಿ ಹೊರಬಂದು, ಗೇಟು ದಾಟಿದ ಡ್ರಮ್ಮನ್ನು ವಾಪಸ್ಸು ತೆಗೆದುಕೊಳ್ಳುವ ಪದ್ಧತಿ ತಮ್ಮಲ್ಲಿಲ್ಲವೆಂದರು. "ಇಲ್ಲಾಂದ್ರೆ ಇವತ್ತಿಂದ ಹಾಕ್ಕೊಳ್ರಿ ಸಾರ್," ಎಂದಿತು ಗುಂಪಿನೊಳಗಿನ ಒಂದು ದನಿ. ಯಾರೂ ಒಳಗೆ ಹೋಗಲಿಲ್ಲ, ಯಾರೂ ಮನೆಗೂ ಹೊರಡಲಿಲ್ಲ. ಪಾಳಿಯ ಸೈರನ್ನು ಕೂಗಿ ನಿಂತಿತು. ಅಧಿಕಾರಿ ಅತ್ತೆಯ ತುಟಿಗಳನ್ನು ನೋಡಿದರು, ಡ್ರಮ್ಮನ್ನು ನೋಡಿದರು, ಕೊನೆಗೆ ಕೈಬೀಸಿದರು. ನಾಲ್ವರು ಗೋಣಿತಟ್ಟು ಸುತ್ತಿ ಅದನ್ನು ಒಳಕ್ಕೆ ಉರುಳಿಸಿಕೊಂಡು ಹೋದರು. ಅದು ಹೋಗುವಾಗ ಮತ್ತೊಮ್ಮೆ ಢಬ್ಬೆಂದಿತೇ? ಅತ್ತೆ ಇಲ್ಲವೆಂದು ತಲೆಯಾಡಿಸುತ್ತಾರೆ. ನನಗೆ ಕೇಳಿಸಿತು.

ಆಮೇಲೆ ಅವರು ಪ್ರತಿಯೊಂದು ಡ್ರಮ್ಮನ್ನೂ ಹಿಂದಕ್ಕೆ ಪಡೆದರೋ, ತೂತು ಹೊಡೆದು ಮುರಿದರೋ ನನಗೆ ಗೊತ್ತಿಲ್ಲ. ಮಂಡಿಪೇಟೆಯ ಸಾಲು ಈಗಲೂ ಇದೆ. ಆದರೆ ನಮ್ಮ ಓಣಿಯ ಹೆಂಗಸರು ಅಲ್ಲಿಗೆ ಹೋಗುವಾಗ ಚೀಲದಲ್ಲಿ ಅರಿಶಿನದ ಪೊಟ್ಟಣ ಇಟ್ಟುಕೊಂಡಿರುತ್ತಾರೆ. ಅಂಗಡಿಯವರು ಅವರನ್ನು ದೂರದಿಂದಲೇ ಗುರುತಿಸಿ ಮುಖ ಸಿಂಡರಿಸುತ್ತಾರಂತೆ.

ಡ್ರಮ್ಮು ಹೋದರೂ ಹಿತ್ತಲಿನ ಭಯ ಬಹಳ ಕಾಲ ಹೋಗಲಿಲ್ಲ. ಅದು ಢಬ್ಬೆನ್ನುತ್ತಿದ್ದ ಹೊತ್ತಿಗೆ ನಾವೆಲ್ಲ ಅರಿವಿಲ್ಲದೆಯೇ ಮಾತು ನಿಲ್ಲಿಸುತ್ತಿದ್ದೆವು. ರಾತ್ರಿಗಳು ನಿದ್ದೆಯಿಲ್ಲದೆ ಹಾಗೆಯೇ ಕಳೆದವು. ಬಳಿಕ ಒಂದು ಸೋಮವಾರ ನಾನು ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಬಿಸಿಲಿತ್ತು. ಗಾಬರಿಯಿಂದ ಅಡಿಗೆಮನೆಗೆ ಓಡಿದೆ. ಕೊಡಗಳೆಲ್ಲ ತುಂಬಿದ್ದವು, ಅಟ್ಟದಿಂದಿಳಿಸಿದ ಹಳೆಯ ತಾಮ್ರದ ಹಂಡೆಯೂ ತುಂಬಿತ್ತು. ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಕೂಗಿದಳು: "ಏನ್ ನಿದ್ದೆ ರೀ ನಿಮ್ದು! ನಿಮ್ಮತ್ತೇರು ನಸುಕ್ನಾಗೆ ಕೂಗಿದ್ದು ಕೇಳ್ಸಲಿಲ್ವಾ? ಹರಿದ ತಮಟೆ ಇದ್ದಂಗೆ ಐತೆ ದನಿ, ಆದ್ರೂ ಓಣೀನೆಲ್ಲಾ ಎಬ್ಬಿಸ್ತು."

ಕೇಳಿಸಿರಲಿಲ್ಲ. ನಾಲ್ಕು ಓಣಿ ಎದ್ದ ಕೂಗಿಗೆ ನಾನೊಬ್ಬಳು ಏಳಲಿಲ್ಲ. ಅತ್ತೆ ಒಲೆಯ ಮುಂದೆ ಕೂತು ಮೊಮ್ಮಗಳಿಗೆ ಜಡೆ ಹಾಕುತ್ತಿದ್ದರು.

"ಯಾಕ್ರೀ ಅತ್ತೇ, ನನ್ನ ಎಬ್ಬಿಸ್ಲಿಲ್ಲ?"

"ಮಲಗ್ಲಿ ಅಂತ ಬಿಟ್ಟೆ," ಎಂದಿತು ಆ ಹರಿದ ದನಿ.

ಹಂಡೆಯ ಬಾಯಿಗೆ ಅವರು ಅರಿಶಿನ ಹಚ್ಚಿದ್ದರು. ನಾನು ಬಗ್ಗಿ ಬಹಳ ಹೊತ್ತು ನೋಡಿದೆ. ಅದು ಹಳದಿಯಾಗಿಯೇ ಇತ್ತು.