ಕೆಂಪು ಡಬ್ಬ, ಹಸಿರು ಡಬ್ಬ

ಮೊನ್ನೆ ಶ್ರೀರಂಗಪಟ್ಟಣದಲ್ಲಿ ಹೊಸದಾಗಿ ನಿಲ್ಲಿಸಿರುವ ಪೆಟ್ರೋಲ್ ಪಂಪಿನ ಮುಂದೆ ಕಾರು ನಿಲ್ಲಿಸಿದೆ. ನೀವೂ ನೋಡಿರಬೇಕು: ಆಳೆತ್ತರದ ಕಬ್ಬಿಣದ ಕಂಬ, ಅದರ ನೆತ್ತಿಯ ಮೇಲೊಂದು ಗಾಜಿನ ಪಾತ್ರೆ, ಪಂಪಿನವನು ಹಿಡಿಯನ್ನು ಜಗ್ಗಿದಂತೆಲ್ಲ ಎಣ್ಣೆ ಗಾಜಿನೊಳಗೆ ಏರುತ್ತದೆ. ರಸ್ತೆಯ ಆಚೆ ಮಗ್ಗುಲಲ್ಲಿ ಇನ್ನೊಂದು ಕಂಪನಿಯ ಪಂಪು. ಪಕ್ಕದಲ್ಲಿದ್ದ ಸ್ನೇಹಿತರು ಯಾವುದು ಮೇಲು, ಯಾವುದು ಕೀಳು ಎಂಬ ಚರ್ಚೆಗೆ ತೊಡಗಿದರು. ಹಿಂದಿನ ಸೀಟಿನಲ್ಲಿ ಒಬ್ಬರು ತೂಕಡಿಸುತ್ತಿದ್ದರು. ಅವರ ವಿಷಯ ಆಮೇಲೆ. ಅಷ್ಟರಲ್ಲಿ ಮೂಗಿಗೆ ಪೆಟ್ರೋಲಿನ ವಾಸನೆ ಬಡಿಯಿತು. ನಿಮಗೆಲ್ಲ ಅದು ಮೋಟಾರಿನ ವಾಸನೆ. ನನಗೆ ಅದು ರೇಷ್ಮೆ ಸೀರೆಯ ವಾಸನೆ. ನಗಬೇಡಿ, ಕಾರಣವಿದೆ.

ಸಿಂಧಘಟ್ಟದ ನಮ್ಮ ದೊಡ್ಡಪ್ಪ ತೀರಿಕೊಂಡಾಗ ಕೊಟ್ಟಿಗೆಯ ಪಕ್ಕದ ಚಪ್ಪರದಡಿ ಅವರ ಮೋಟಾರು ಕಾರು ಉಳಿದುಕೊಂಡಿತು. ಮನೆಯ ಯಜಮಾನಿಕೆ ಚಿಕ್ಕಪ್ಪ ಬೋರಪ್ಪನವರಿಗೆ ಬಂತು. ಕಾರನ್ನು ಮಾರಿಬಿಡೋಣ ಎಂಬುದು ಅವರ ಮೊದಲ ಅಪ್ಪಣೆ. ದೊಡ್ಡವ್ವ ಒಪ್ಪಲಿಲ್ಲ. ಗಾಡಿ ಕಟ್ಟಬೇಕಾದರೆ ಮೈದುನನ ಎತ್ತು ಬೇಕು, ಎತ್ತಿಗೆ ಮೈದುನನ ಮರ್ಜಿ ಬೇಕು. ಕಾರಿದ್ದರೆ ಕೃಷ್ಣರಾಜಪೇಟೆಯ ಆಸ್ಪತ್ರೆಗೋ ನಾಗಮಂಗಲದ ಮಗಳ ಮನೆಗೋ ಯಾರನ್ನೂ ಕೇಳದೆ ಹೊರಡಬಹುದು. ಓಡಿಸುವುದಕ್ಕೆ ನಾನಿದ್ದೆ. ಮೈಸೂರಿನಲ್ಲಿ ಬಿ.ಎ. ಮಾಡುವಾಗ ಗೆಳೆಯನೊಬ್ಬನ ಕಾರಿನಲ್ಲಿ ಕಲಿತದ್ದು ಅದೊಂದೇ ಉಪಯುಕ್ತ ವಿದ್ಯೆ ಎಂದು ಊರಿನ ಅಭಿಪ್ರಾಯ.

ಆದರೆ ಕಾರು ಮೇಲುಕೋಟೆಯ ಬೆಟ್ಟ ಹತ್ತುತ್ತಿರಲಿಲ್ಲ. ಸಮನಾದ ರಸ್ತೆಯಲ್ಲಿ ಹೇಗೋ ಓಡುತ್ತಿದ್ದ ಅದು ಬೆಟ್ಟದ ತಿರುವಿಗೆ ಬಂದೊಡನೆ ಕೆಮ್ಮಿ, ಹೊಗೆ ಉಗುಳಿ, ನಿಂತುಬಿಡುತ್ತಿತ್ತು. ಆಗ ಬುಡದಲ್ಲಿ ಕಾದಿದ್ದ ಚಿಕ್ಕಪ್ಪನ ಎತ್ತುಗಳನ್ನು ಕಟ್ಟಿ ಎಳೆಸಬೇಕು. ಜನ ಗದ್ದೆ ಬಿಟ್ಟು ನೋಡಲು ಬರುತ್ತಿದ್ದರು.

“ಲೇ ಬಿ.ಎ., ನಿನ್ ಕಾರ್ಗಿಂತ ನನ್ ಎತ್ತೇ ವಾಸಿ ಕಣ್ಲಾ,” ಎನ್ನುತ್ತಿದ್ದರು ಚಿಕ್ಕಪ್ಪ. “ಅವು ಉಲ್ಲು ತಿಂತವೆ, ಬೆಟ್ಟ ಅತ್ತವೆ. ಇದು ದುಡ್ಡು ತಿಂತದೆ, ನಿಂತ್ಕತದೆ.”

ತಪ್ಪು ಪೆಟ್ರೋಲಿನದು ಎಂದು ನಾನು ತೀರ್ಮಾನಿಸಿದೆ. ಸರ್ಕಾರಿ ಕಾಗದಗಳಲ್ಲಿ ಫ್ರೆಂಚ್ ರಾಕ್ಸ್, ಜನರ ಬಾಯಲ್ಲಿ ಹಿರೋಡೆ ಎನಿಸಿಕೊಂಡ ಪೇಟೆಯಲ್ಲಿ ಪೆಟ್ರೋಲ್ ಮಾರುತ್ತಿದ್ದುದು ಸಾಹುಕಾರನೊಬ್ಬನ ಒಂದೇ ಅಂಗಡಿ. ಬೆಲ್ಲ, ಹಗ್ಗ, ಸೀಮೆಎಣ್ಣೆಗಳ ನಡುವೆ ಅಲ್ಲಿ ಎರಡು ಬಗೆಯ ಪೆಟ್ರೋಲ್ ಡಬ್ಬಗಳಿದ್ದವು: ಹಸಿರು ಡಬ್ಬ ಸಾಧಾರಣ ದರ್ಜೆ, ಕೆಂಪು ಡಬ್ಬ ಮೇಲ್ದರ್ಜೆ. ನಾನು ಇಂಗ್ಲಿಷ್ ಪತ್ರಿಕೆಯ ಜಾಹೀರಾತುಗಳನ್ನು ಶ್ರದ್ಧೆಯಿಂದ ಓದಿದವನು. ಎಂಜಿನ್ನಿನ ಉಸಿರಾಟ, ಇಂಧನದ ಕುಲಗೋತ್ರ ಇವುಗಳ ಮೇಲೆ ಜಗಲಿಯಲ್ಲಿ ಉಪನ್ಯಾಸ ಕೊಟ್ಟು ಕೆಂಪು ಡಬ್ಬ ತರಿಸಿದೆ. ಮೇಲ್ದರ್ಜೆಯ ಪೆಟ್ರೋಲ್ ಕುಡಿದ ಕಾರು ಅದೇ ತಿರುವಿನಲ್ಲಿ, ಅದೇ ಗಾಂಭೀರ್ಯದಿಂದ ನಿಂತಿತು.

ದೊಡ್ಡವ್ವನ ಮೊಮ್ಮಗನ ಮುಡಿ ಕೊಡಲು ನೆಂಟರೆಲ್ಲ ಮೇಲುಕೋಟೆಗೆ ಹೋಗುವುದೆಂದು ನಿಶ್ಚಯವಾದಾಗ ಚಿಕ್ಕಪ್ಪ ಕಡೆಯ ಮಾತು ಆಡಿದರು: “ಈ ಸಲಾನೂ ನನ್ ಎತ್ತೇ ಎಳೀಬೇಕು ಅಂದ್ರೆ, ಬೆಟ್ಟ ಇಳಿಯೋದೇ ತಡ, ಕಾರ್ ಮಾರ್ಬುಡೋದೆಯಾ ಅತ್ಗೆ.”

ದೊಡ್ಡವ್ವ ನೆಂಟರೆದುರು ಆ ಪಂಥಕ್ಕೆ ತಲೆಯಾಡಿಸಿದಳು. ಮಗಳಿಗೆ ಉಡಿಸಲೆಂದು ತನ್ನ ಮದುವೆಯ ರೇಷ್ಮೆ ಸೀರೆ ತೆಗೆದು, ಅದರ ಸೆರಗಿನಲ್ಲಿದ್ದ ತುಪ್ಪದ ಕಲೆಯನ್ನು ಪೆಟ್ರೋಲಿನಲ್ಲಿ ಅದ್ದಿದ ಅರಿವೆಯಿಂದ ಒರೆಸತೊಡಗಿದಳು. ರೇಷ್ಮೆಯ ಜಿಡ್ಡು ತೆಗೆಯಲು ಕಾರುಳ್ಳ ಮನೆಗಳಲ್ಲಿ ಆಗ ಇದೇ ರೂಢಿ. ಸ್ವಲ್ಪ ಹೊತ್ತಿಗೆ ನನ್ನ ಹೆಸರು ಹಿಡಿದು ಕೂಗಿದಳು.

“ಇದ್ಯಾವ ಸೀಮೆ ಪೆಟ್ರೋಲ್ ತಂದಿದ್ದೀಯಲಾ? ತುಪ್ಪದ ಕಲೆ ಓಗ್ಲಿಲ್ಲ, ಸುತ್ತ ಇನ್ನೊಂದು ಕಲೆ ಕೂತದೆ. ನಿಮ್ಮ ದೊಡ್ಡಪ್ಪ ಮೈಸೂರಿಂದ ತತ್ತಿದ್ದದ್ದು ಒರೆಸಿದ್ರೆ ಆರೋಗ್ಬುಡೋದು. ಮೂಸಿ ನೋಡು, ಬುಡ್ಡಿ ದೀಪದ್ ವಾಸ್ನೆ!”

“ಅದು ಮೇಲ್ದರ್ಜೆಯದು, ದೊಡ್ಡವ್ವ.”

“ಅಂಗಾರೆ ಕೀಳ್ದರ್ಜೆದೂ ತತ್ತಾ.”

ಹಸಿರು ಡಬ್ಬದ್ದನ್ನು ತಂದೆ. ಅದೇ ಕಲೆ, ಅದೇ ಬುಡ್ಡಿ ದೀಪ.

ಓದುಗ ಮಿತ್ರರೆ, ಆ ಕ್ಷಣದಲ್ಲಿ ನನ್ನ ಮೈಯ ರಕ್ತ ಕುದಿಯಿತು. ಕೆಂಪೋ ಹಸಿರೋ ಎಂದು ನಾನು ತಲೆ ಕೆಡಿಸಿಕೊಂಡಿದ್ದಾಗ ಎರಡು ಡಬ್ಬಗಳಲ್ಲೂ ಪೆಟ್ರೋಲಿಗೆ ಬೆರೆಸಿದ ಒಂದೇ ಸೀಮೆಎಣ್ಣೆ ನಗುತ್ತಿತ್ತು. ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ನಮಗೆ ಧಾರಾಳವಾಗಿ ಕೊಟ್ಟು, ಆರಿಸಿದ ವಸ್ತುವಿಗೆ ಉತ್ತರ ಹೇಳುವ ಹೊಣೆಯಿಂದ ನುಣುಚಿಕೊಳ್ಳುವವರು ಪೆಟ್ರೋಲ್ ಅಂಗಡಿಯಲ್ಲಿ ಮಾತ್ರ ಇದ್ದಾರೆಯೆ? ಸಭೆಗಳಲ್ಲಿ, ಕಚೇರಿಗಳಲ್ಲಿ ಎಷ್ಟು ಬಣ್ಣದ ಡಬ್ಬಗಳನ್ನು ನಮ್ಮ ಮುಂದೆ ಇಟ್ಟಿಲ್ಲ! ಆದರೆ ದಾರಿ ತಪ್ಪುತ್ತಿದ್ದೇನೆ. ದೊಡ್ಡವ್ವನ ಸೀರೆ ಕಾಯುತ್ತಿದೆ.

ಮೈಸೂರಿಗೆ ಹೋಗಿ ಕಂಪನಿಯ ಮುದ್ರೆಯೊಡೆಯದ ಡಬ್ಬಗಳನ್ನು ತಂದೆ. ಅಂದು ಅಲ್ಲಿ ಕೆಂಪು ಮುಗಿದಿತ್ತು; ಮನಸ್ಸಿಲ್ಲದ ಮನಸ್ಸಿನಿಂದ ಹಸಿರನ್ನೇ ತಂದೆ. ಹಿರೋಡೆಯ ಸಂತೆಯ ದಿನ ಸಾಹುಕಾರನ ಅಂಗಡಿಯ ಮುಂದೆ ದೊಡ್ಡವ್ವ ಬಿಳಿಯ ಪಂಚೆ ಹಾಸಿದಳು. ಅವನ ಕೆಂಪಿನಿಂದ ಒಂದಿಷ್ಟು, ಅವನ ಹಸಿರಿನಿಂದ ಒಂದಿಷ್ಟು, ಎಲ್ಲರೆದುರಿಗೆ ಮುದ್ರೆ ಒಡೆದ ನಮ್ಮ ಡಬ್ಬದಿಂದ ಒಂದಿಷ್ಟು ಹನಿಸಿದಳು. ಜನ ಕವಿದುಕೊಂಡರು. ನಾನು ವ್ಯಾಪಾರಧರ್ಮದ ಮೇಲೆ ಗ್ರಾಂಥಿಕ ಭಾಷೆಯಲ್ಲಿ ಮಾತು ಆರಂಭಿಸಿದೆ.

“ನೀ ಸುಮ್ಕಿರ್ಲಾ, ಬಿಸ್ಲು ಮಾತಾಡ್ತದೆ,” ಎಂದಳು ದೊಡ್ಡವ್ವ.

ಬಿಸಿಲು ಮಾತಾಡಿತು. ನಮ್ಮದು ಗುರುತಿಲ್ಲದೆ ಆರಿತು. ಸಾಹುಕಾರನ ಎರಡೂ ಜಿಡ್ಡು ಜಿಡ್ಡಾಗಿ ಉಳಿದವು.

“ಕಂಪ್ನಿಯೋರು ಕಳ್ಸಿದಂಗೆ ಮಾರ್ತೀನಿ ಕಣವ್ವ, ನನ್ಗೇನ್ ಗೊತ್ತು?” ಎಂದ ಸಾಹುಕಾರ.

“ಕಂಪ್ನಿಯೋರು ಕಳ್ಸಿದ್ದೇ ಇದು, ಮೈಸೂರಿಂದು. ಆರೋಯ್ತಲ್ಲ? ನಿನ್ ಅಂಗ್ಡಿ ಒಸ್ಲು ದಾಟಿದ್ ಮೇಲೆ ಆರ್ದೇ ಉಳೀತದಲ್ಲ, ಅದ್ಕೆ ಉತ್ರ ಏಳು.”

ಗುಂಪಿನಿಂದ ಯಾರೋ “ಏಳಯ್ಯೋ ಸಾವ್ಕಾರ!” ಎಂದರು. ಸಂತೆಗೆ ಸಂತೆಯೇ ನಕ್ಕಿತು. ಸಾಹುಕಾರ ಡಬ್ಬಗಳನ್ನು ಒಳಕ್ಕೆ ಸರಿಸತೊಡಗಿದ. ನಾನು ಬೇಡಿಕೆ ಮುಂದಿಟ್ಟೆ, ಈ ಸಲ ದೊಡ್ಡವ್ವ ತಡೆಯಲಿಲ್ಲ: ಇನ್ನು ಮುಂದೆ ಪ್ರತಿ ಡಬ್ಬದ ಮುದ್ರೆ ಗಿರಾಕಿಯ ಕಣ್ಣೆದುರೇ ಒಡೆಯಬೇಕು, ಬಿಳಿಯ ಅರಿವೆಯ ಮೇಲೆ ಹನಿಸಿ ತೋರಿಸಿಯೇ ಕಾರಿಗೆ ಹುಯ್ಯಬೇಕು. ಸಾಹುಕಾರ ಅಷ್ಟು ಜನರ ಮುಂದೆ ಹೂಂಗುಟ್ಟಿದ.

ಮುಡಿಯ ದಿನ ಚಿಕ್ಕಪ್ಪ ಬೆಟ್ಟದ ಬುಡದಲ್ಲಿ ಎತ್ತು ನಿಲ್ಲಿಸಿಕೊಂಡು, ಹೆಗಲ ಮೇಲೆ ಹಗ್ಗ ಹಾಕಿಕೊಂಡು ಕಾದಿದ್ದರು. ಕೀಳ್ದರ್ಜೆ ಎಂದು ನಾನು ಮೂಗು ಮುರಿದಿದ್ದ ಹಸಿರು ಡಬ್ಬದ ಪೆಟ್ರೋಲ್ ಆ ತಿರುವನ್ನು ದಾಟಿಸಿತು, ಮುಂದಿನದನ್ನೂ ದಾಟಿಸಿತು. ಕೆಮ್ಮಿಲ್ಲ, ಹೊಗೆಯಿಲ್ಲ. ದೊಡ್ಡವ್ವ ಕಾರಿನಿಂದ ಹೊರಕ್ಕೆ ಬಾಗಿ ಕೂಗಿದಳು:

“ಬೋರಪ್ಪಾ, ಎತ್ಗೊಳ್ಗೆ ನೀರ್ ಕುಡ್ಸಪ್ಪಾ! ಪಾಪ, ಇವತ್ತು ಅವುಕ್ಕೆ ಕೆಲ್ಸ ಇಲ್ಲ!”

ಕಾರು ಇಂದಿಗೂ ಮಾರಾಟವಾಗಿಲ್ಲ.

ಇರಲಿ, ಪಂಪಿನ ಮುಂದೆ ನಿಮ್ಮನ್ನು ನಿಲ್ಲಿಸಿ ಬಂದೆ. ಸ್ನೇಹಿತರ ಚರ್ಚೆ ಇನ್ನೂ ನಡೆದಿತ್ತು. ನಾನು ಜಂಬದಿಂದಲೇ ಕರವಸ್ತ್ರ ತೆಗೆದು, ಇದರ ಮೇಲೆ ಎರಡು ಹನಿ ಬಿಡಪ್ಪ ಎಂದೆ.

“ಕರ್ಚೀಪ್ ಯಾಕ್ ಕೆಡಿಸ್ಕತೀರಿ ಸ್ವಾಮಿ?” ಎಂದು ಪಂಪಿನವನು ಕಂಬಕ್ಕೆ ಕಟ್ಟಿದ್ದ ಬಿಳಿಯ ಅರಿವೆ ತೋರಿಸಿದ. “ಈ ಕಡೆ ಗಿರಾಕಿಗಳು ಅರಿವೆ ನೋಡ್ದೆ ಎಣ್ಣೆ ಆಕುಸ್ಕಳಾಕಿಲ್ಲ. ಸಿಂಧಘಟ್ಟದ್ ತಾವ ಅದ್ಯಾರೋ ಅವ್ವ ಸುರು ಮಾಡಿದ್ದಂತೆ. ನಮ್ ತಲೆಗೆ ಕಟ್ಬುಟ್ಲು ನೋಡಿ!”

ಎದುರಿನ ಪಂಪಿನತ್ತ ಕಣ್ಣು ಹಾಯಿಸಿದೆ. ಅಲ್ಲಿಯೂ ಒಂದು ಬಿಳಿಯ ಅರಿವೆ ಗಾಳಿಗೆ ಹಾರುತ್ತಿತ್ತು. ಸ್ನೇಹಿತರಿಗೆ ಹೇಳಿದೆ: ಇನ್ನು ಯಾವುದಾದರೂ ಆಗಬಹುದು.

ಅಷ್ಟರಲ್ಲಿ ಹಿಂದಿನ ಸೀಟಿನ ತೂಕಡಿಕೆ ಮುಗಿಯಿತು. ನರೆತ ತಲೆಯೊಂದು ಕಿಟಕಿಯಿಂದ ಹೊರಗೆ ಬಂತು.

“ಕಟ್ಟಿದ್ದೇನೋ ಸರಿ ಕಣ್ಲಾ ಮಗಾ,” ಎಂದಳು ದೊಡ್ಡವ್ವ, “ಆಗಾಗ ಒಗ್ದು ಕಟ್ಟು. ಕೊಳೆ ಅರಿವೆ ಮೇಲೆ ಯಾವ ಕಲೆ ಕಂಡಾತು?”