ದುರಗವ್ವಗ ಬಿಟ್ಟ ಮರಿ

"ನನಗ ಓದಾಕ ಬರಂಗಿಲ್ಲ ತಂಗಿ, ಅದಕ್ಕ ಬಾಯಿಲೆ ಹೇಳ್ತೇನಿ, ಕಿವಿಗೊಟ್ಟು ಕೇಳು. ನನ್ನ ಮೊಮ್ಮಗಳಿಗೆ ಒಂದು ಪುಸ್ತಕ ಬೇಕು. ಅದರಾಗ ಪ್ರಾಣಿ ಇರಬೇಕು. ಕುರಿ ಇರಲಿ, ಮೊಲ ಇರಲಿ, ಗುಬ್ಬಿ ಇರಲಿ, ಆನಿ ಇದ್ರ ಇನ್ನೂ ಚಲೋ. ಆದ್ರ ಯಾವುದೂ ಸಾಯಬಾರದು. ಒಂದನ್ನ ಇನ್ನೊಂದು ತಿನ್ನಬಾರದು. ತೋಳ ಬಂದ್ರ ಬರಲಿ, ನೀರು ಕುಡದು ತನ್ನ ದಾರಿ ಹಿಡದು ಹೋಗಬೇಕು. ನರಿ ಮೋಸ ಮಾಡಿದ್ರ ಅಡ್ಡಿಯಿಲ್ಲ, ಆದ್ರ ಮೋಸ ಹೋದದ್ದು ಅದರ ಹೊಟ್ಟಿ ಸೇರಬಾರದು. ಬಾವ್ಯಾಗ ಬಿದ್ದದ್ದು ಮ್ಯಾಲ ಬರಬೇಕು. ತಾಯಿಗೆ ತಪ್ಪಿದ ಮರಿ ಇದ್ರ ಸಂಜಿ ಆಗೂದ್ರಾಗ ತಾಯಿ ಸಿಗಬೇಕು. ಕಡೀಕೆ ನೀತಿ ಅಂತೂ ಬ್ಯಾಡಽ ಬ್ಯಾಡ. ನೀತಿ ಬಂತಂದ್ರ ಯಾರೋ ಸತ್ತಾರ ಅಂತ ತಿಳಿ. ನಾ ಹುಟ್ಟಿದಾಗಿಂದ ಕುರಿ ಹಿಂದ ತಿರುಗಿದಾಕಿ, ಹಿಂಗ ಎಲ್ಲೂ ನಡೆಯಂಗಿಲ್ಲ ಅಂತ ನನಗ ಗೊತ್ತೈತಿ. ಅಡವ್ಯಾಗ ನಡೆಯಂಗಿಲ್ಲ ಅಂತನಽ ಪುಸ್ತಕದಾಗ ಹುಡುಕಾಕ ಬಂದೇನಿ. ನಿನ್ನ ಅಂಗಡ್ಯಾಗ ಇಷ್ಟು ಕಾಗದ ಬಿದ್ದೈತಿ, ಇದರಾಗ ಒಂದರ ಸಿಗಲಿಕ್ಕಿಲ್ಲೇನು?"

ಇಳಕಲ್ಲಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ರದ್ದಿ ಅಂಗಡಿ ಇಟ್ಟಿರುವ ಲಾಡಬಿ ತಕ್ಕಡಿಯನ್ನು ಕೆಳಗಿಟ್ಟಳು. ಎದುರು ನಿಂತ ಹನಮವ್ವನ ಮುಂಗೈಗೆ ಇನ್ನೂ ಜೋಳದ ಹಿಟ್ಟು ಅಂಟಿತ್ತು. ಮಗ್ಗುಲ ಖಾನಾವಳಿಯಲ್ಲಿ ಮಧ್ಯಾಹ್ನದವರೆಗೆ ರೊಟ್ಟಿ ಬಡಿದು, ಹುನಗುಂದದ ದಾರಿಯಲ್ಲಿರುವ ತನ್ನೂರಿಗೆ ಬಸ್ಸು ಹತ್ತುವಾಕೆ ಅವಳು.

"ಆಯಿ, ಇಂಥಾ ಪುಸ್ತಕ ಸಿಕ್ರ ನಾನಽ ಇಟ್ಗೋತೇನಿ," ಎಂದಳು ಲಾಡಬಿ. "ತಿನ್ನಾವ್ರು ಇಲ್ಲದ ಕತಿ ಅಂದ್ರ ಬರೇ ಹುಲ್ಲಿನ ಕತಿ ಆಗ್ತೈತಿ."

"ಹುಲ್ಲಿನ ಕತೀನಽ ಕೊಡು."

"ಹುಲ್ಲನ್ನ ಕುರಿ ತಿಂತಾವಲ್ಲಬೇ!"

ಹನಮವ್ವ ನಕ್ಕಳು. ನಕ್ಕರೂ ಜಾಗ ಬಿಟ್ಟು ಕದಲಲಿಲ್ಲ. ಲಾಡಬಿ ಕಲಿತದ್ದು ಉರ್ದು ಶಾಲೆಯಲ್ಲಿ. ಕನ್ನಡದ ಪುಸ್ತಕವನ್ನು ಅವಳು ತೂಗಬಲ್ಲಳು, ಓದಲಾರಳು. ಹಾಗಾಗಿ ಇಬ್ಬರೂ ಗಂಟು ಬಿಚ್ಚಿ ಚಿತ್ರ ನೋಡುತ್ತ ಕುಳಿತರು. ಹುಲಿ ಇದ್ದದ್ದನ್ನು ಹನಮವ್ವ ಕೈಯಿಂದ ದೂಡಿದಳು. ಹಲ್ಲು ಕಾಣುವ ಮೊಸಳೆಯದೂ ಹೋಯಿತು. ಕೊನೆಗೆ ಮಿಂಚುವ ಕಾಗದದ ಒಂದು ಪುಸ್ತಕ ಸಿಕ್ಕಿತು. ಮೇಲೆ ಹಸಿರು ಬಯಲು, ತಾಯಿ ಕುರಿ, ಅದರ ಕೆಚ್ಚಲಿಗೆ ಬಾಯಿ ಇಟ್ಟ ಎರಡು ಮರಿ. ತೋಳವಿಲ್ಲ, ನರಿಯಿಲ್ಲ. ಹನಮವ್ವ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದಳು.

ಒಂಬತ್ತು ವರ್ಷದ ಅಂಜನಾ ಮೊದಲು ಹೀಗಿರಲಿಲ್ಲ. ಹೋದ ಮಳೆಗಾಲದಲ್ಲಿ ಅವಳಿಗೆ ಜ್ವರ ಏರಿ, ಬಾಗಲಕೋಟೆಯ ದವಾಖಾನೆಯಲ್ಲಿ ಮಲಗಿಸಬೇಕಾಯಿತು. ಪಕ್ಕದ ಮಂಚದಲ್ಲಿ ಕಮತಗಿಯ ಕಡೆಯ ಒಂದು ಹುಡುಗಿ ಇದ್ದಳು. ಇಬ್ಬರಿಗೂ ಸಲೈನಿನ ಕೈ, ಆಡುವುದು ಬರೀ ಬಾಯಿಯಲ್ಲಿ. ಒಂದು ಬೆಳಗ್ಗೆ ಆ ಮಂಚಕ್ಕೆ ಒಗೆದ ಬಟ್ಟೆ ಹಾಸಿತ್ತು. "ಆಕಿ ಎಲ್ಲಿ ಆಯಿ?" ಎಂದು ಅಂಜನಾ ಕೇಳಿದಳು. "ಬಿಟ್ಟಾರವ್ವ, ಮನಿಗೆ ಹೋದ್ಲು," ಎಂದಳು ಹನಮವ್ವ. ದವಾಖಾನೆಯಲ್ಲಿ ಬಿಡುವುದೆಂದರೆ ಎಲ್ಲರಿಗೂ ಅದೇ ಅರ್ಥ ತಾನೆ. ಹುಡುಗಿ ಮತ್ತೆ ಕೇಳಲಿಲ್ಲ. ಅಂದೇ ಹನಮವ್ವ ವರಾಂಡದ ಗೋಡೆಗೆ ಹಣೆ ಹಚ್ಚಿ, "ದುರಗವ್ವ, ಈ ಕೂಸಿನ್ನ ಉಳಿಸು, ನಿನ್ನ ಹೆಸರಿಗೆ ಒಂದು ಮರಿ ಬಿಡ್ತೇನಿ," ಎಂದು ಬೇಡಿಕೊಂಡಳು.

ಕೂಸು ಉಳಿಯಿತು. ಮನೆಗೆ ಬಂದದ್ದು ಮಾತ್ರ ಬೇರೆ ಕೂಸು. ಪಾಠದಲ್ಲಿ ಇರುವೆ ಸತ್ತರೂ ಪುಸ್ತಕ ಮುಚ್ಚಿ ಜೋಳದ ಚೀಲದ ಹಿಂದೆ ತುರುಕಿಬಿಡುತ್ತಿದ್ದಳು. ಆಮೇಲೆ ವಾರಗಟ್ಟಲೆ ಯಾವ ಪುಸ್ತಕವನ್ನೂ ಮುಟ್ಟುತ್ತಿರಲಿಲ್ಲ. "ಹಿಂಗಽ ಓದೂದು ಬಿಟ್ರ ಕಲಿತದ್ದೂ ಮರೀತಾಳ್ರಿ," ಎಂದು ಶಾಲೆಯ ಅಕ್ಕಾರು ಹೇಳಿ ಕಳಿಸಿದ್ದರು.

ಆ ಮಾತು ಅಂಜನಾಳ ತಾಯಿ ಲಲಿತಾಳಿಗಿಂತ ಹೆಚ್ಚು ನಾಟಿದ್ದು ಹನಮವ್ವನಿಗೆ. ಅವಳು ಶಾಲೆಯ ಒಳಗೆ ಕಾಲಿಟ್ಟದ್ದು ಜೀವಮಾನದಲ್ಲಿ ಒಂದೇ ಸಲ, ಅದೂ ಒಳಗೆ ನುಗ್ಗಿದ ಮರಿಯನ್ನು ಹಿಡಿದು ತರಲು. ಅಂಥವಳ ಒಲೆಯ ಮುಂದೆ ಸಂಜೆಗೊಮ್ಮೆ ಈ ಹುಡುಗಿ ಕುಳಿತು ದನಿ ಎತ್ತಿ ಓದಿದರೆ, ರೊಟ್ಟಿ ಬಡಿಯುವ ಕೈಗೆ ದಣಿವು ತಿಳಿಯುತ್ತಿರಲಿಲ್ಲ. ದವಾಖಾನೆಯಿಂದ ಬಂದಮೇಲೆ ಆ ದನಿ ನಿಂತುಹೋಗಿತ್ತು. ಅದು ಮತ್ತೆ ಕೇಳಬೇಕು, ಅವಳಿಗೆ ಬೇಕಾದದ್ದು ಇಷ್ಟೇ.

ಲಾಡಬಿಯ ಪುಸ್ತಕ ಮೊದಲು ಚೆನ್ನಾಗಿಯೇ ನಡೆಯಿತು. "ಹುಟ್ಟಿದ ಮರಿಯನ್ನು ಒಣ ಬಟ್ಟೆಯಿಂದ ಒರೆಸಬೇಕು," ಎಂದು ಅಂಜನಾ ಓದಿದಳು. "ಬೆಚ್ಚಗಿನ ಜಾಗದಲ್ಲಿ ತಾಯಿಯ ಮಗ್ಗುಲಿಗೆ ಮಲಗಿಸಬೇಕು."

"ಖರೆ ಐತಿ, ಖರೆ ಐತಿ," ಎಂದು ಹನಮವ್ವ ಹಿಟ್ಟಿನ ಕೈ ನಿಲ್ಲಿಸದೆ ತಲೆದೂಗಿದಳು. "ಬರದಾವ ನಮ್ಮ ಪೈಕಿನಽ ಇರಬೇಕು."

ಕೆಲವು ಸಂಜೆ ಕಳೆದ ಮೇಲೆ ಹೊಸ ಪಾಠ ಬಂತು. "ಚರ್ಮ, ತಲೆ ಮತ್ತು ಕಾಲುಗಳನ್ನು ಬೇರ್ಪಡಿಸಿದ ನಂತರ ಉಳಿಯುವ ಮಾಂಸದ ತೂಕ..." ಹುಡುಗಿಯ ದನಿ ಅಲ್ಲಿಗೆ ಕಡಿಯಿತು.

ಲಲಿತಾ ಇಣುಕಿ ನೋಡಿ ಹಣೆ ಬಡಿದುಕೊಂಡಳು. "ಅತ್ತಿ, ಇದು ಕತಿ ಅಲ್ಲ. ಕುರಿ ಸಾಕಾವ್ರಿಗೆ ಪುಕ್ಕಟೆ ಹಂಚೂ ಪುಸ್ತಕ. ರೊಕ್ಕ ಕೊಟ್ಟು ತಂದಿಯಲ್ಲಬೇ!"

ಪುಸ್ತಕ ಜೋಳದ ಚೀಲದ ಹಿಂದೆ ಸೇರಿತು. ಅಂಜನಾ ಗೋಡೆಯ ಕಡೆ ಮುಖ ಮಾಡಿ ಕುಳಿತಳು.

ಆಗ ಹನಮವ್ವ ಮಾಡಬಾರದ ಕೆಲಸ ಮಾಡಿದಳು. ಪುಸ್ತಕದಲ್ಲಿ ಸಿಗದ ಕತೆಯನ್ನು ಅಂಗಳದಿಂದ ತೆಗೆದಳು.

"ಅಲ್ಲೇ ನಿಂತೈತಿ ನೋಡು ನಿನ್ನ ಕತಿ," ಎಂದಳು. ಅಂಗಳದಲ್ಲಿ ದುರಗವ್ವನ ಹೆಸರಿನ ಟಗರಿನ ಮರಿ ನಿಂತಿತ್ತು, ಹಣೆಗೆ ಭಂಡಾರದ ಅರಿಶಿನ, ಕೊರಳಿಗೆ ಗೆಜ್ಜೆ. ಯಾರ ಹಿತ್ತಲಿಗೆ ನುಗ್ಗಿದರೂ ಯಾರೂ ಕೋಲೆತ್ತುತ್ತಿರಲಿಲ್ಲವೆಂದು ಹನಮವ್ವನ ಮಗ ಬೀರಲಿಂಗ ಅದಕ್ಕೆ ಸಾವಕಾರ ಎಂದು ಹೆಸರಿಟ್ಟಿದ್ದ. "ಈ ಸಾವಕಾರ ದುರಗವ್ವಗ ಬಿಟ್ಟ ಮರಿ. ಇದನ್ನ ಯಾರೂ ಹೊಡಿಯಂಗಿಲ್ಲ. ಅಮೀನಗಡದ ಸಂತಿಗೆ ಒಯ್ಯಂಗಿಲ್ಲ. ಕಟುಗರು ಬಂದು ಬೆನ್ನು ಮುಟ್ಟಿ ನೋಡಂಗಿಲ್ಲ."

"ಬಿಟ್ಟ ಅಂದ್ರ ಏನು ಆಯಿ?"

ಹೇಳುವ ಹೊತ್ತು ಅದೇ ಆಗಿತ್ತು. ಹುಡುಗಿ ಆಗಲೇ ಇತ್ತ ತಿರುಗಿ ಕುಳಿತಿದ್ದಳು, ಕಣ್ಣು ಅರಳಿಸಿಕೊಂಡು.

"ಬಿಟ್ಟ ಅಂದ್ರ ಬಿಟ್ಟಂಗ. ಕಟ್ಟಂಗಿಲ್ಲ, ಮಾರಂಗಿಲ್ಲ."

ಒಂದು ಮಾತೂ ಸುಳ್ಳಲ್ಲ. ಆದರೆ ಅರ್ಧ ಹೇಳಿದ ಖರೆ ಮಾತು ಹಳಸಿದ ಅನ್ನದ ಹಾಗೆ, ತಿಂದಾಗ ತಿಳಿಯುವುದಿಲ್ಲ.

ಅಂದಿನಿಂದ ಅಂಜನಾ ಸಾವಕಾರನ ಕತೆ ಬೆಳೆಸುತ್ತ ಹೋದಳು. ಸಾವಕಾರ ಬಾದಾಮಿಗೆ ಹೋಗಿ ಮಂಗ್ಯಾಗಳ ಜೊತೆ ಪಂಚಾಯ್ತಿ ಮಾಡಿದ, ಗುಳೇದಗುಡ್ಡದಲ್ಲಿ ಖಣ ಕೊಂಡು ತನ್ನ ಅವ್ವನಿಗೆ ಕುಪ್ಪಸ ಹೊಲಿಸಿದ. ಶಾಲೆಯ ಪುಸ್ತಕವೂ ಚೀಲದ ಹಿಂದಿನಿಂದ ಹೊರಬಂತು. ಅಂಗಳದಲ್ಲಿ ಕುಳಿತು ಸಾವಕಾರನಿಗೇ ಓದಿ ಹೇಳುವಳು, ಯಾರಾದರೂ ಸಾಯುವ ಪುಟ ಬಂದರೆ ಅವನ ಕಿವಿ ಮುಚ್ಚಿ ದಾಟಿಸುವಳು. ಹನಮವ್ವನ ಒಲೆಯ ಮುಂದೆ ದನಿ ಮರಳಿ ಬಂದಿತ್ತು.

ಒಂದು ರಜೆಯ ದಿನ ಅಜ್ಜಿಯ ಜೊತೆ ಇಳಕಲ್ಲಿಗೆ ಬಂದ ಅಂಜನಾ ಆ ಕತೆಯನ್ನೆಲ್ಲ ಲಾಡಬಿಗೂ ಹೇಳಿದಳು. ಲಾಡಬಿ ಗಲ್ಲಕ್ಕೆ ಕೈಯಿಟ್ಟು ಕೇಳಿ, "ಆಮ್ಯಾಲ ಏನಾತು?" ಎಂದಳು.

"ಆಮ್ಯಾಲ ಏನಿಲ್ರಿ. ಅವನ್ನ ಬಿಟ್ಟಾರಲ್ಲ!"

ಲಾಡಬಿ ಹುಡುಗಿಯ ಕೈಗೆ ಶೇಂಗಾ ಚಿಕ್ಕಿ ಕೊಟ್ಟು ಆಚೆ ಕಳಿಸಿ, ಹನಮವ್ವನ ಕಡೆ ತಿರುಗಿದಳು. "ನಮ್ಮ ಹಬ್ಬಕ್ಕ ನಾವೂ ಸಾಕ್ತೀವಿ ಆಯಿ. ಆದ್ರ ಹಬ್ಬ ಯಾವಾಗ ಅಂತ ಹುಡುಗರಿಗೆ ಮೊದಲಽ ಹೇಳಿರ್ತೀವಿ."

ಹನಮವ್ವ ಸೆರಗು ಸರಿ ಮಾಡಿಕೊಂಡಳು.

ಗ್ರ್ಯಾನೈಟ್ ಲಾರಿ ಓಡಿಸುವ ಬೀರಲಿಂಗ ಊಟಕ್ಕೆ ಕುಳಿತಾಗ ಅವಳು ಮೆಲ್ಲಗೆ ಮಾತು ತೆಗೆದಳು. "ಬೀರಾ, ಮರಿ ಬದ್ಲಿ ದೇವಿಗೆ ಬೆಳ್ಳಿ ಕಣ್ಣು ಮಾಡಿಸಿ ಕೊಟ್ರ ಆಗಂಗಿಲ್ಲೇನೋ?"

"ಯಾರು ಬೇಡ್ಕೊಂಡಾವ್ರು?"

"ನಾನಽ."

"ಯಾರ ಸಲುವಾಗಿ?"

ಹನಮವ್ವ ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.

"ಮತ್ತ? ದೇವರ ಬಾಯಾಗಿಂದ ಕಸ್ಕೋತಿ ಏನು? ನಾಳೆ ಹುಡುಗಿಗೆ ತಿರುಗಿ ಜ್ವರ ಬಂದ್ರ ಯಾರ ಮುಂದ ಹೋಗಿ ನಿಂದ್ರತಿ?" ಬೀರಲಿಂಗನ ದನಿಯಲ್ಲಿ ಸಿಟ್ಟಿರಲಿಲ್ಲ, ಅವನಿಗೂ ಅದೇ ಅಂಜಿಕೆ. "ಬರೂ ಮಂಗಳವಾರ ಮುಗಿಸಿಬಿಡೂಣು. ಗುಡಿ ಮುಂದ ಕಡಿಯಾಕ ಪೊಲೀಸರು ಬಿಡಂಗಿಲ್ಲ. ಹೊಲದಾಗ ಮಾಡೂಣು."

ಮಂಗಳವಾರಕ್ಕೆ ಮುಂಚೆ ಹೇಳಬೇಕೆಂದು ಹನಮವ್ವ ಎಷ್ಟೋ ಸಲ ಬಾಯಿ ತೆರೆದಳು. ತೆರೆದಾಗೆಲ್ಲ ಹುಡುಗಿ ಓದುತ್ತಿದ್ದಳು. ಆ ದನಿಯನ್ನು ತಾನೇ ನಿಲ್ಲಿಸಲು ಅವಳಿಗೆ ಮನಸ್ಸು ಬರಲಿಲ್ಲ.

ಆ ಮಂಗಳವಾರ ಅಂಜನಾ ಶಾಲೆಗೆ ಹೋದ ಮೇಲೆ ಮರಿಯನ್ನು ಹೊಲಕ್ಕೆ ಒಯ್ದರು. ಅವರಲ್ಲಿ ಒಂದು ಪದ್ಧತಿ ಇದೆ: ತಲೆಯ ಮೇಲೆ ನೀರು ಹಾಕಿದಾಗ ಮರಿ ಮೈ ಝಾಡಿಸಿದರೆ ದೇವಿ ಒಪ್ಪಿದಳೆಂದು ಅರ್ಥ. ಝಾಡಿಸುವವರೆಗೆ ಕತ್ತಿ ಎತ್ತುವಂತಿಲ್ಲ. ನೀರು ಬಿತ್ತು. ಸಾವಕಾರ ಮಿಸುಕಲಿಲ್ಲ. ಹುಡುಗಿಯ ಕೈಯಲ್ಲಿ ಮೈ ತೊಳೆಸಿಕೊಂಡು ರೂಢಿಯಾದ ಮರಿ, ಇದೂ ಅದೇ ಎಂದುಕೊಂಡು ಸುಮ್ಮನೆ ನಿಂತಿತು. ಮತ್ತೆ ನೀರು ಬಿತ್ತು. ಆಗಲೂ ಇಲ್ಲ. ಹನಮವ್ವ ಕೈ ಮುಗಿದು, ಜೀವದಲ್ಲಿ ಮೊದಲ ಸಲ ದೇವಿ ಒಪ್ಪದಿರಲಿ ಎಂದು ಬೇಡಿಕೊಂಡಳು.

"ಒಲ್ಲೆ ಅಂತಾಳೇನೋ," ಎಂದಳು ನೆರೆಯ ಮುದುಕಿ ಶಿವಲಿಂಗವ್ವ.

"ಒಲ್ಲೆ ಅನ್ನಾಕ ಏನಾಗೈತಿ?" ಎಂದು ಬೀರಲಿಂಗ ನೀರಿನ ಚರಗಿಯನ್ನು ಅದರ ಕಿವಿಯೊಳಗೆ ಬಗ್ಗಿಸಿದ. ಕಿವಿಯಲ್ಲಿ ತಣ್ಣೀರು ಹೋದರೆ ಯಾರು ಝಾಡಿಸುವುದಿಲ್ಲ? ಗೆಜ್ಜೆ ಒಮ್ಮೆ ಘಲ್ಲೆಂದಿತು. ಎಲ್ಲರೂ "ಒಪ್ಪಿದಳು, ಒಪ್ಪಿದಳು" ಎಂದರು.

ಸಂಜೆ ಅಂಜನಾ ಬಂದಾಗ ಅಂಗಳದ ತುಂಬ ಮಂದಿ ಉಂಡು ಕೈ ತೊಳೆಯುತ್ತಿದ್ದರು. ಶಿವಲಿಂಗವ್ವ ಅವಳ ಗಲ್ಲ ಸವರಿ, "ನಿನ್ನ ಹೆಸರಿಲೆ ಉಂಡ್ವಿ ನನ್ನವ್ವ. ಆ ಮರಿ ಹೋತು, ನೀ ಉಳದಿ," ಎಂದಳು. ಆಶೀರ್ವಾದವೆಂದೇ ಹೇಳಿದ್ದು.

ಅಂಜನಾ ಅಳಲಿಲ್ಲ. ಚೀಲ ಇಳಿಸಿ ಒಲೆಯ ಮುಂದೆ ಬಂದು ನಿಂತಳು.

"ಬಿಟ್ಟಾರ ಅಂದಿದ್ದಿ."

"ಹೌದವ್ವ. ದೇವಿಗೆ ಬಿಟ್ಟದ್ದಂದ್ರ... ಹಂಗಽ ಅದು."

"ಆಯಿ, ದವಾಖಾನ್ಯಾಗ ಆ ಹುಡುಗೀನ್ನೂ ಬಿಟ್ಟಾರ ಅಂದಿದ್ದಿ."

ಹನಮವ್ವ ಒಲೆಯ ಕಟ್ಟಿಗೆಯನ್ನು ಒಳಗೆ ದೂಡಿದಳು. ಹುಡುಗಿ ಉತ್ತರಕ್ಕೆ ಕಾಯಲಿಲ್ಲ.

ಮರುದಿನ ಸಂಜೆ ಅಂಜನಾ ತಾನಾಗಿಯೇ ಜೋಳದ ಚೀಲದ ಹಿಂದೆ ಕೈ ಹಾಕಿದಳು. ಮಿಂಚುವ ಕಾಗದದ ಪುಸ್ತಕವನ್ನು ಹೊರತೆಗೆದು, ಹಿಂದೆ ಓದು ನಿಂತಿದ್ದ ಸಾಲಿನಿಂದಲೇ ಹಿಡಿದಳು. "ಚರ್ಮ, ತಲೆ ಮತ್ತು ಕಾಲುಗಳನ್ನು ಬೇರ್ಪಡಿಸಿದ ನಂತರ ಉಳಿಯುವ ಮಾಂಸದ ತೂಕ..." ಎಲ್ಲೂ ತಡವರಿಸದೆ, ಒತ್ತಕ್ಷರ ನುಂಗದೆ ಓದಿದಳು. ಶಾಲೆಯ ಅಕ್ಕಾರು ಕೇಳಿದ್ದರೆ ಬೆನ್ನು ತಟ್ಟುತ್ತಿದ್ದರು.

"ಸಾಕು ಬಿಡವ್ವ," ಎಂದಳು ಹನಮವ್ವ.

ಹುಡುಗಿ ಪುಟ ತಿರುಗಿಸಿದಳು. ಓದು ನಿಲ್ಲಲಿಲ್ಲ.

ಹನಮವ್ವ ಕುದಿಯುವ ಎಸರನ್ನು ಹಿಟ್ಟಿಗೆ ಸುರಿದು ನಾದಿದಳು. ಉಂಡಿ ಕಟ್ಟಿದಳು, ಮರದ ಕೊಣಮಿಗೆಯ ಮೇಲೆ ಹಿಟ್ಟು ಉದುರಿಸಿ ಬಡಿಯತೊಡಗಿದಳು. ಹಂಚಿನ ಮೇಲೆ ರೊಟ್ಟಿ ಹಾಕಿ, ಬಟ್ಟೆಯಿಂದ ನೀರು ಸವರಿ, ತಿರುವಿ ಹಾಕಿ, ಇನ್ನೊಂದು ಉಂಡಿಗೆ ಕೈ ಚಾಚಿದಳು.